ಎಲ್ಲೆಕಲ್ಲಿನ ಸಾಕ್ಷಿ: ನೋಂದಣಿಯಿಲ್ಲದ ಭೂಮಿ, ತಪ್ಪಿದ ಗಡಿ ಮತ್ತು ಅಚೌರ್ಯವ್ರತ

ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ತಪ್ಪು ಬಹುಕಾಲ ಅಡಗಿರಲಾರದು. ವರ್ಷಾಂತ್ಯದಲ್ಲಿ ಜಮೆ ಮತ್ತು ಖರ್ಚು ತಾಳೆಯಾಗದಿದ್ದರೆ ಗುಮಾಸ್ತನು ಪುಟಪುಟವನ್ನೂ ತಿರುವಿ ಅದನ್ನು ಹುಡುಕಿ ತೆಗೆಯುತ್ತಾನೆ. ನೆಲದ ತಪ್ಪು ಹಾಗಲ್ಲ. ಒಂದು ಬೇಲಿ ಎರಡು ಮಾರು ಆಚೆಗೆ ಸರಿದರೆ, ಒಂದು ಬದು ನೇಗಿಲ ಸಾಲಿಗೆ ಸಿಕ್ಕಿ ವರ್ಷಕ್ಕೆ ಅಂಗುಲದಷ್ಟು ಸವೆದರೆ, ಆ ತಪ್ಪು ಮೂರು ತಲೆಮಾರುಗಳವರೆಗೆ ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲದು. ತಂದೆ ಕಂಡ ಬೇಲಿಯನ್ನೇ ಮಗನು ಎಲ್ಲೆಯೆಂದು ನಂಬುತ್ತಾನೆ. ಮೊಮ್ಮಗನು ಅದನ್ನು ಪಿತ್ರಾರ್ಜಿತವೆಂದು ವಾದಿಸುತ್ತಾನೆ. ಆರಂಭದಲ್ಲಿ ಅಜ್ಞಾನವಾಗಿದ್ದುದು ಕೊನೆಯಲ್ಲಿ ಹಕ್ಕಿನ ರೂಪ ತಾಳುತ್ತದೆ.

ಬಸದಿಗಳ ಹಾಗೂ ಹಳೆಯ ಮನೆತನಗಳ ಆಸ್ತಿಯಲ್ಲಿ ಈ ಬಗೆಯ ತೊಡಕು ಹೆಚ್ಚು. ಅದಕ್ಕೆ ಕಾರಣವೂ ಸ್ಪಷ್ಟ. ಇಂತಹ ಭೂಮಿಯ ಬಹುಭಾಗಕ್ಕೆ ನೋಂದಾಯಿತ ಕ್ರಯಪತ್ರವೇ ಇರುವುದಿಲ್ಲ. ಕೆಲವು ಅರಸರ ದತ್ತಿ. ಕೆಲವು ಶ್ರಾವಕರು ಬಾಯಿಮಾತಿನಲ್ಲಿ ಧಾರೆಯೆರೆದು ಕೊಟ್ಟವು. ಕೆಲವು ಸರ್ಕಾರದ ಸನ್ನದಿನ ಮೇಲೆ ನಿಂತವು. 1908ರ ನೋಂದಣಿ ಕಾಯಿದೆಯು ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೌಲ್ಯದ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಪತ್ರಗಳಿಗೆ, ಹಾಗೆಯೇ ಸ್ಥಿರಾಸ್ತಿಯ ದಾನಪತ್ರಗಳಿಗೆ, ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ಸರ್ಕಾರವು ಭೂಮಿಯನ್ನು ದಯಪಾಲಿಸಿದ ಸನ್ನದುಗಳಿಗೂ ಇನಾಮು ಹಕ್ಕುಪತ್ರಗಳಿಗೂ ಅದೇ ಕಾಯಿದೆಯ 90ನೆಯ ಪ್ರಕರಣವು ವಿನಾಯಿತಿ ನೀಡಿತು. ನೂರು ರೂಪಾಯಿಗೆ ಕಡಿಮೆಯ ಕ್ರಯವನ್ನು ಕೇವಲ ಸ್ವಾಧೀನ ಒಪ್ಪಿಸುವುದರ ಮೂಲಕವೂ ಮಾಡಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಅವಕಾಶವಿತ್ತಿತು. ಹೀಗಾಗಿ ನೋಂದಣಿಯಿಲ್ಲದ ಭೂಮಿಯೆಂದರೆ ಹಕ್ಕಿಲ್ಲದ ಭೂಮಿಯೆಂದು ಅರ್ಥವಲ್ಲ. ಅದರ ಹಕ್ಕು ಬೇರೆಡೆ ಬರೆಯಲ್ಪಟ್ಟಿದೆ ಎಂದಷ್ಟೇ ಅರ್ಥ. ಅದು ಎಲ್ಲಿ ಬರೆಯಲ್ಪಟ್ಟಿದೆ, ಆ ಬರಹ ತಪ್ಪಿದಾಗ ಹಿಂದಿನವರು ಹೇಗೆ ತಿದ್ದಿದರು ಎಂಬುದನ್ನು ಅರಿಯುವುದು ಇಂದಿನ ಶ್ರಾವಕರಿಗೂ ವಿಶ್ವಸ್ಥ ಮಂಡಳಿಗಳಿಗೂ ಪ್ರಯೋಜನಕರ.

ಕಲ್ಲಿನ ಮೇಲಿನ ಎಲ್ಲೆ

ಕನ್ನಡ ನಾಡಿನ ಜೈನ ದತ್ತಿಗಳ ಚರಿತ್ರೆಯು ಭೂಮಿಯ ಚರಿತ್ರೆಯೂ ಹೌದು. ಬನವಾಸಿಯ ಕದಂಬ ದೊರೆ ಮೃಗೇಶವರ್ಮನ ತಾಮ್ರಶಾಸನವೊಂದು ಕಾಲವಂಗವೆಂಬ ಗ್ರಾಮವನ್ನು ಮೂರು ಪಾಲು ಮಾಡಿ ಒಂದನ್ನು ಅರ್ಹಂತರ ಆಲಯಕ್ಕೂ, ಮತ್ತೊಂದನ್ನು ಶ್ವೇತಪಟ ಮಹಾಶ್ರಮಣಸಂಘಕ್ಕೂ, ಮೂರನೆಯದನ್ನು ನಿರ್ಗ್ರಂಥ ಮಹಾಶ್ರಮಣಸಂಘಕ್ಕೂ ಕೊಟ್ಟುದನ್ನು ಹೇಳುತ್ತದೆ. ಒಂದು ಗ್ರಾಮ ಮೂರು ಪಾಲಾಯಿತೆಂದರೆ ಅದರ ನಡುವೆ ಗೆರೆಗಳು ಎಳೆಯಲ್ಪಟ್ಟವು. ಒಂದೇ ತೀರ್ಥಂಕರರನ್ನು ಪೂಜಿಸುವವರ ನಡುವೆಯೂ ಗೆರೆ ಬೇಕಾಯಿತು ಎಂಬುದು ಗಮನಾರ್ಹ. ಸದ್ಭಾವನೆಯಿದ್ದಲ್ಲಿ ಅಳತೆ ಬೇಡವೆಂದು ಆ ಅರಸನು ಭಾವಿಸಲಿಲ್ಲ.

ಐಹೊಳೆಯ ಮೇಗುತಿ ಬಸದಿಯ ಶಾಸನವನ್ನು ಇಮ್ಮಡಿ ಪುಲಕೇಶಿಯ ಪ್ರಶಸ್ತಿಯೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ರವಿಕೀರ್ತಿಯು ರಚಿಸಿದ ಈ ಕಾವ್ಯದ ಕಾಲ ಕ್ರಿ.ಶ. 634. ದಿಗ್ವಿಜಯದ ವರ್ಣನೆಯನ್ನು ಎಲ್ಲರೂ ಓದುತ್ತಾರೆ. ಅದರ ಕೊನೆಯಲ್ಲಿ ಕೂಡಿಸಿದ, ಬಸದಿಯ ಭುಕ್ತಿಗೆ ಸೇರಿದ ಊರುಗಳನ್ನೂ ನೆಲದ ಎಲ್ಲೆಯನ್ನೂ ಹೇಳುವ ಸಾಲುಗಳನ್ನು ಓದುವವರು ವಿರಳ. ಕವಿಯ ಕೀರ್ತಿಗೆ ಪ್ರಶಸ್ತಿ ಸಾಕಾಗಿತ್ತು; ಬಸದಿಯ ನಿತ್ಯಪೂಜೆಗೆ ಆ ಕೊನೆಯ ಸಾಲುಗಳೇ ಆಧಾರವಾಗಿದ್ದವು.

ಶ್ರವಣಬೆಳಗೊಳದಲ್ಲಿ ಹೊಯ್ಸಳರ ಭಂಡಾರಿ ಹುಳ್ಳರಾಜನು 1159ರಲ್ಲಿ ಚತುರ್ವಿಂಶತಿ ತೀರ್ಥಂಕರ ಬಸದಿಯನ್ನು ಕಟ್ಟಿಸಿದಾಗ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ದತ್ತಿಯಿತ್ತನು. ಅದಕ್ಕೂ ಮೊದಲು ದಂಡನಾಯಕ ಗಂಗರಾಜನು ವಿಷ್ಣುವರ್ಧನನಿಂದ ಪರಮ ಗ್ರಾಮವನ್ನು ಪಡೆದು, ತನ್ನ ತಾಯಿ ಮತ್ತು ಪತ್ನಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟನು. ಇಂತಹ ದಾನಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ರೀತಿ ಒಂದೇ ತೆರನಾದುದು. ಕೆರೆಯ ಕೋಡಿ, ಹಿರಿಯ ಮರ, ಹಾಸುಬಂಡೆ, ಹುತ್ತ, ಹಳ್ಳ, ಹೆದ್ದಾರಿ, ಮೂರು ಊರುಗಳ ಗಡಿ ಕೂಡುವ ಮುಕ್ಕೂಟು ಇವೇ ಗುರುತುಗಳು. ವಿಸ್ತಾರವನ್ನು ಮತ್ತರು, ಕಮ್ಮಗಳಲ್ಲಿ ಹೇಳಿ, ಯಾವ ಗಳೆಯಿಂದ ಅಳೆಯಲಾಯಿತೆಂಬುದನ್ನೂ ಅನೇಕ ಶಾಸನಗಳು ಹೆಸರಿಸಿ ಹೇಳುತ್ತವೆ. ಅಳತೆಗೋಲು ಊರಿಂದೂರಿಗೆ ಬೇರೆಯಾಗಿದ್ದ ಕಾಲದಲ್ಲಿ ಕೋಲಿನ ಹೆಸರಿಲ್ಲದ ಅಳತೆಗೆ ಬೆಲೆಯಿರಲಿಲ್ಲ.

ದತ್ತಿ ಭೂಮಿಯ ಅಂಚಿನಲ್ಲಿ ಕಲ್ಲು ನೆಡುವ ಪದ್ಧತಿಯೂ ಇತ್ತು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುಭಕ್ತರ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಅಕ್ಷರ ಬಾರದ ದನಗಾಹಿಯೂ ಆ ಮೂರು ಕೊಡೆಗಳನ್ನು ಕಂಡು ಇದು ಬಸದಿಯ ನೆಲವೆಂದು ತಿಳಿಯುತ್ತಿದ್ದನು. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ದತ್ತಿಯ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂಬ ಶಾಪಾಶಯ ಸರ್ವಮತಗಳ ಶಾಸನಗಳಲ್ಲೂ ಕಂಡುಬರುತ್ತದೆ. ಶಾಪವನ್ನು ಕೆತ್ತಿಸಬೇಕಾಯಿತೆಂದರೆ ಕಸಿಯುವವರು ಆಗಲೂ ಇದ್ದರೆಂದೇ ತಿಳಿಯಬೇಕು.

ಕಲ್ಯಾಣದಲ್ಲಿ ಬರೆದ ನ್ಯಾಯ

ಎಲ್ಲೆ ತಪ್ಪಿದಾಗ ತಿದ್ದುವುದು ಹೇಗೆ ಎಂಬ ಪ್ರಶ್ನೆಗೆ ಶಾಸ್ತ್ರಬದ್ಧವಾದ ಉತ್ತರ ಕನ್ನಡ ನೆಲದಲ್ಲಿಯೇ ಬರೆಯಲ್ಪಟ್ಟಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಉತ್ತರಾಧಿಕಾರದ ವಿಷಯದಲ್ಲಿ ಆ ಗ್ರಂಥದ ಹೆಸರನ್ನು ವಕೀಲರೆಲ್ಲರೂ ಕೇಳಿರುತ್ತಾರೆ. ಅದರಲ್ಲಿನ ಸೀಮಾವಿವಾದ ಪ್ರಕರಣ ಅಷ್ಟಾಗಿ ಪರಿಚಿತವಲ್ಲ.

ಪೂರ್ವದ ಸ್ಮೃತಿಗಳನ್ನು ಅನುಸರಿಸಿ ವಿಜ್ಞಾನೇಶ್ವರನು ಎಲ್ಲೆಯನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ. ಮರಗಳಿಂದ ಗುರುತಾದುದು ಧ್ವಜಿನೀ. ನೀರಿನಿಂದ ಗುರುತಾದುದು ಮತ್ಸ್ಯಿನೀ. ನೆಲದೊಳಗೆ ಹೊಟ್ಟು, ಇದ್ದಿಲು ಮೊದಲಾದವನ್ನು ಹೂತು ಗುರುತಿಸಿದುದು ನೈಧಾನೀ. ಉಭಯರ ಒಪ್ಪಿಗೆಯಿಂದ ನಿಂತುದು ಭಯವರ್ಜಿತಾ. ಗುರುತೇ ಇಲ್ಲದೆಡೆ ಅರಸನ ಆಜ್ಞೆಯಿಂದ ನಿಂತುದು ರಾಜಶಾಸನನೀತಾ. ಇವುಗಳಲ್ಲಿ ನಾಲ್ಕನೆಯ ಹೆಸರು ಚಿಂತನಾರ್ಹ. ನೆರೆಯವರಿಬ್ಬರೂ ಒಪ್ಪಿದ ಎಲ್ಲೆಯನ್ನು ಪ್ರಾಚೀನರು ಭಯವಿಲ್ಲದ ಎಲ್ಲೆಯೆಂದು ಕರೆದರು.

ಹೂತಿಡುವ ಗುರುತಿನ ವಿಚಾರ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ವಿಸ್ತಾರವಾಗಿದೆ. ಕಲ್ಲು, ಎಲುಬು, ಹೊಟ್ಟು, ಬೂದಿ, ಬೋಕಿ, ಇಟ್ಟಿಗೆ, ಇದ್ದಿಲು, ಮರಳು ಮುಂತಾದ, ಮಣ್ಣು ಬೇಗ ಕರಗಿಸಲಾರದ ವಸ್ತುಗಳನ್ನು ಗಡಿಯ ಸಂಧಿಗಳಲ್ಲಿ ಹೂಳಬೇಕೆಂದು ಅಲ್ಲಿ ವಿಧಿಸಿದೆ. ಹೊರಗಿನ ಗುರುತನ್ನು ಕಿತ್ತರೂ ಒಳಗಿನದು ಉಳಿಯಲಿ ಎಂಬುದು ಉದ್ದೇಶ. ಗಡಿಯ ತೀರ್ಮಾನವನ್ನು ಜ್ಯೇಷ್ಠಮಾಸದಲ್ಲಿ, ಗುರುತುಗಳು ಚೆನ್ನಾಗಿ ಕಾಣುವಾಗ ಮಾಡಬೇಕೆಂಬ ಸೂಚನೆಯೂ ಇದೆ. ಪೈರು ನಿಂತಿರುವಾಗ ಬದು ಕಾಣುವುದಿಲ್ಲವೆಂಬುದನ್ನು ಇಂದಿನ ಭೂಮಾಪಕರೂ ಒಪ್ಪುತ್ತಾರೆ.

ಸಾಕ್ಷಿಗಳ ವಿಷಯದಲ್ಲಿ ಮೊದಲ ಸ್ಥಾನ ಸಾಮಂತರದು, ಎಂದರೆ ನೆರೆಹೊಲದವರದು. ಅವರು ದೊರೆಯದಿದ್ದಾಗ ಊರ ವೃದ್ಧರು, ದನಗಾಹಿಗಳು, ಉಳುವವರು, ಕಾಡಿನಲ್ಲಿ ಅಲೆಯುವವರು. ವಿದ್ವಾಂಸನಿಗಿಂತ ದನಗಾಹಿಗೆ ಇಲ್ಲಿ ಮಾನ್ಯತೆ ಹೆಚ್ಚು. ಏಕೆಂದರೆ ಆ ನೆಲದ ಮೇಲೆ ನಿತ್ಯ ನಡೆದವನು ಅವನು. ಸಾಕ್ಷಿಗಳು ಕೆಂಪು ವಸ್ತ್ರ, ಕೆಂಪು ಹೂಮಾಲೆ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕಾಗಿತ್ತು. ಸುಳ್ಳು ಹೇಳಿದರೆ ದಂಡ ತಪ್ಪದು.

ಇವೆಲ್ಲಕ್ಕಿಂತ ಮುಖ್ಯವಾದುದು ಮಿತಾಕ್ಷರೆಯಲ್ಲಿ ಬರುವ ಭೂಮಿಯ ಹಸ್ತಾಂತರದ ವಿವೇಚನೆ. ಊರವರು, ಜ್ಞಾತಿಗಳು, ನೆರೆಹೊಲದವರು, ದಾಯಾದಿಗಳು ಇವರ ಸಮ್ಮತಿ, ಜೊತೆಗೆ ಹೊನ್ನು ಮತ್ತು ನೀರು, ಈ ಆರರಿಂದ ಭೂಮಿ ಕೈಬದಲಾಗುವುದೆಂಬ ಹಳೆಯ ವಚನವನ್ನು ಎತ್ತಿಕೊಂಡು ವಿಜ್ಞಾನೇಶ್ವರನು ಪ್ರತಿಯೊಂದರ ಪ್ರಯೋಜನವನ್ನೂ ವಿವರಿಸುತ್ತಾನೆ. ಊರವರ ಒಪ್ಪಿಗೆ ವ್ಯವಹಾರ ಬಹಿರಂಗವಾಗಲೆಂದು. ನೆರೆಯವರ ಒಪ್ಪಿಗೆಯಾದರೋ ಎಲ್ಲೆಯ ಬಗೆಗೆ ಮುಂದೆ ವಿವಾದ ಹುಟ್ಟದಿರಲೆಂದು. ಮಾರಾಟವನ್ನು ತಡೆಯುವ ಅಧಿಕಾರ ನೆರೆಯವನಿಗಿಲ್ಲ. ಎಲ್ಲೆಯನ್ನು ದೃಢಪಡಿಸುವ ಕರ್ತವ್ಯ ಅವನಿಗಿದೆ ಎಂಬುದು ಇದರ ತಾತ್ಪರ್ಯ. ಇಂದಿನ ಕ್ರಯಪತ್ರದಲ್ಲಿ ಮಾರುವವನ ರುಜು, ಕೊಳ್ಳುವವನ ರುಜು, ಸಾಕ್ಷಿಗಳ ರುಜು ಇರುತ್ತವೆ. ಚಕ್ಕುಬಂದಿಯಲ್ಲಿ ನಾಲ್ಕು ನೆರೆಯವರ ಹೆಸರುಗಳೂ ಇರುತ್ತವೆ. ಆದರೆ ಆ ನಾಲ್ವರಲ್ಲಿ ಒಬ್ಬನನ್ನೂ ಕೇಳುವ ಕಟ್ಟಳೆಯಿಲ್ಲ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕಂಡುಕೊಂಡಿದ್ದ ಒಂದು ಎಚ್ಚರಿಕೆ ಹೀಗೆ ಕಳೆದುಹೋಯಿತು.

ತಪ್ಪಿಗೂ ದುರಾಶೆಗೂ ಪ್ರಾಚೀನರು ಭೇದವೆಣಿಸಿದರು. ಮನೆ, ಕೆರೆ, ತೋಟ, ಹೊಲಗಳನ್ನು ಬೆದರಿಸಿ ಕಸಿದವನಿಗೆ ಐನೂರು ಪಣ, ಅರಿಯದೆ ಆಕ್ರಮಿಸಿದವನಿಗೆ ಇನ್ನೂರು ಪಣ ದಂಡವೆಂದು ಮನುಸ್ಮೃತಿ ಹೇಳುತ್ತದೆ. ಅರಿಯದೆ ಮಾಡಿದುದಕ್ಕೆ ದಂಡ ಕಡಿಮೆ, ದಂಡವೇ ಇಲ್ಲವೆಂದಲ್ಲ. ಎಲ್ಲೆಯನ್ನು ಅರಿತಿರುವುದೂ ಒಡೆಯನ ಹೊಣೆಯೆಂಬ ಭಾವ ಇದರಲ್ಲಿ ಅಡಗಿದೆ. ಅದೇ ವೇಳೆ ಯಾಜ್ಞವಲ್ಕ್ಯನು ಒಂದು ಉದಾರ ನಿಯಮವನ್ನೂ ಇಟ್ಟಿದ್ದಾನೆ. ಪರರ ನೆಲದ ಅಲ್ಪಭಾಗವನ್ನಷ್ಟೇ ಹಿಡಿದು ಬಹಳ ನೀರು ಕೊಡುವ ಬಾವಿಯನ್ನಾಗಲಿ, ಸ್ವಲ್ಪ ಬಾಧೆಯಿಂದ ಬಹಳ ಹಿತವನ್ನುಂಟುಮಾಡುವ ಕಟ್ಟೆಯನ್ನಾಗಲಿ ತಡೆಯಬಾರದು. ಆದರೆ ನೆಲದೊಡೆಯನಿಗೆ ತಿಳಿಸದೆ ಕಟ್ಟಿದರೆ ಅದರ ಫಲ ಕಟ್ಟಿದವನಿಗೆ ಸಲ್ಲದು. ಔದಾರ್ಯ ಬೇಡುವವನು ಮೊದಲು ಸತ್ಯವನ್ನು ತಿಳಿಸಬೇಕೆಂಬುದೇ ಇದರ ಸಾರ.

ಸರಪಳಿ ಬಂದಾಗ

ಆಧುನಿಕ ಭೂಮಾಪನ ಕನ್ನಡ ಪ್ರದೇಶಗಳಿಗೆ ಬೇರೆ ಬೇರೆ ದಾರಿಗಳಿಂದ ಬಂದಿತು. ಮುಂಬಯಿ ಪ್ರಾಂತದಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯ ಮೊದಲ ಮೋಜಣಿ ದೋಷಗಳಿಂದ ತುಂಬಿ ವಿಫಲವಾಯಿತು. ಬಳಿಕ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು 1835ರ ಸುಮಾರಿಗೆ ಇಂದಾಪುರದಲ್ಲಿ ಹೊಸ ಕ್ರಮವನ್ನು ಆರಂಭಿಸಿದರು. 1847ರ ಅವರ ಸಂಯುಕ್ತ ವರದಿ ಮುಂದೆ ಧಾರವಾಡ, ಬೆಳಗಾವಿ ಸೀಮೆಗಳ ಕಂದಾಯ ವ್ಯವಸ್ಥೆಗೂ ಬುನಾದಿಯಾಯಿತು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ 1863ರಲ್ಲಿ ಮೊದಲಾಯಿತು. ಇನಾಮುಗಳ ವಿಚಾರಣೆಗೆ 1866ರಲ್ಲಿ ಪ್ರತ್ಯೇಕ ಆಯೋಗ ಏರ್ಪಟ್ಟಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಹೊಲಹೊಲದ ಅಳತೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬರಲಿಲ್ಲ. ಅಲ್ಲಿಯ ಜೈನ ಮನೆತನಗಳ ಆಸ್ತಿ ಅಲ್ಲಿಯವರೆಗೆ ವರ್ಗಗಳ ಹೆಸರಿನಲ್ಲಿ, ಹಳೆಯ ಕಡತಗಳ ಆಧಾರದಲ್ಲಿ ನಡೆದು ಬಂದಿತು.

ಈ ಮೋಜಣಿಯ ಸಾಧನ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಎಂದರೆ 1,089 ಚದರ ಅಡಿ. ನಲವತ್ತು ಗುಂಟೆ ಸೇರಿ 43,560 ಚದರ ಅಡಿಯ ಒಂದು ಎಕರೆ. ಗುಂಟೆಯ ಹದಿನಾರನೆಯ ಒಂದು ಭಾಗ ಒಂದು ಆಣೆ. ಈಗ ಲೆಕ್ಕ ಬಲ್ಲವರು ಗಮನಿಸಬೇಕಾದ ಅಂಶವೊಂದಿದೆ. ಬಹುಕಾಲ ಬಳಸಿ ಸರಪಳಿಯು ಒಂದೇ ಒಂದು ಅಂಗುಲ ಎಳೆದುಕೊಂಡಿತೆನ್ನೋಣ. ಉದ್ದದಲ್ಲಿ 396ರಲ್ಲಿ ಒಂದು ಪಾಲು ತಪ್ಪಿದರೆ ವಿಸ್ತಾರದಲ್ಲಿ ಅದು ಇಮ್ಮಡಿಯಾಗುತ್ತದೆ. ಒಂದು ಎಕರೆಗೆ ಸುಮಾರು 220 ಚದರ ಅಡಿ, ಎಂದರೆ ಮೂರು ಆಣೆಗಿಂತ ಹೆಚ್ಚು ನೆಲ ಲೆಕ್ಕದಿಂದ ಹೊರಗುಳಿಯುತ್ತದೆ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಬರೆಯಲಿಲ್ಲ. ಆದರೂ ಕಾಗದಕ್ಕೂ ನೆಲಕ್ಕೂ ವ್ಯತ್ಯಾಸ ಬಂದಿತು.

ಮೋಜಣಿದಾರನು ಹೊಲದಲ್ಲಿ ನಿಂತು ಬರೆದ ಕೈನಕ್ಷೆಯೇ ಟಿಪ್ಪಣಿ. ವಿಸ್ತಾರ ಮತ್ತು ಕಂದಾಯವನ್ನು ತೋರಿಸುವುದು ಆಕಾರಬಂದ್. ಸಾಗುವಳಿ ಮತ್ತು ಅನುಭವವನ್ನು ತೋರಿಸುವುದು ಪಹಣಿ. ಈ ಮೂರು ಒಂದೇ ನೆಲದ ಮೂರು ಖಾತೆಗಳಿದ್ದಂತೆ. ಅನೇಕ ಕುಟುಂಬಗಳಲ್ಲಿ ಅಣ್ಣತಮ್ಮಂದಿರ ಪಾಲು ಪಹಣಿಯಲ್ಲಿ ನಮೂದಾಗಿದ್ದರೂ, ಪೋಡಿ ಆಗದೆ ನಕ್ಷೆಯಲ್ಲಿ ಹಳೆಯ ಒಂದೇ ತುಂಡು ಉಳಿದಿರುತ್ತದೆ. ಹೊಲದಲ್ಲಿ ನಾಲ್ಕು ಬದುಗಳಿವೆ, ಕಾಗದದಲ್ಲಿ ಒಂದೂ ಇಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯಡಿ ರಾಜ್ಯದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಹಸ್ತಾಕ್ಷರದ ಗೊಂದಲ ನಿವಾರಣೆಯಾದುದು ದೊಡ್ಡ ಉಪಕಾರವೇ ಸರಿ. ಆದರೆ ಹಳೆಯ ಪಹಣಿಯಲ್ಲಿದ್ದ ತಪ್ಪು ಹೊಸ ಪಹಣಿಯಲ್ಲಿ ಅಚ್ಚಾಗಿ ಬಂದಾಗ ಅದಕ್ಕೆ ಸತ್ಯದ ಮುಖ ಬಂದಂತಾಯಿತು. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 133ನೆಯ ಪ್ರಕರಣದ ಮೇರೆಗೆ ಇಂತಹ ನಮೂದನ್ನು ವ್ಯತಿರಿಕ್ತವಾದುದು ಸಿದ್ಧವಾಗುವವರೆಗೆ ಸತ್ಯವೆಂದು ಭಾವಿಸಲಾಗುತ್ತದೆ. ಸಿದ್ಧವಾಗುವವರೆಗೆ ಎಂಬ ಮಾತೇ ಅಲ್ಲಿ ಮುಖ್ಯ.

ಊರೊಳಗಿನ ಗ್ರಾಮಠಾಣದ ಮನೆ, ಹಿತ್ತಿಲುಗಳ ಸ್ಥಿತಿ ಇದಕ್ಕಿಂತ ಅಸ್ಪಷ್ಟ. ಕಂದಾಯದ ಮೋಜಣಿ ಕೃಷಿಭೂಮಿಗಾಗಿ ನಡೆದುದರಿಂದ ಹಲವೆಡೆ ಗ್ರಾಮಠಾಣವನ್ನು ಒಂದೇ ತುಂಡಾಗಿ ಬಿಡಲಾಯಿತು. ಅನೇಕ ಹಳೆಯ ಬಸದಿಗಳು ಇಂತಹ ಗ್ರಾಮಠಾಣಗಳಲ್ಲಿಯೇ ಇವೆ. 2020ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸ್ವಾಮಿತ್ವ ಯೋಜನೆಯು ಡ್ರೋನ್‌ಗಳ ಮೂಲಕ ಹಳ್ಳಿಗಳ ವಾಸದ ಜಾಗಗಳನ್ನು ಅಳೆಯಲು ಹೊರಟುದು ಈ ಕೊರತೆಯನ್ನು ನೀಗಲೆಂದೇ. ಆಕಾಶದಿಂದ ಗೋಡೆ ಕಾಣುತ್ತದೆ. ಗೋಡೆ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನು ನೆಲದ ಮೇಲಿರುವ ನೆರೆಯವರೇ ಹೇಳಬೇಕು.

ಇಂಗ್ಲೆಂಡಿನ ಅನುಭವ

ನಿಖರತೆಯ ಹಂಬಲವೂ ಅತಿಯಾದರೆ ಅನರ್ಥವಾದೀತೆಂಬುದಕ್ಕೆ ಇಂಗ್ಲೆಂಡಿನ ಇತಿಹಾಸ ಸಾಕ್ಷಿಯಾಗಿದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ ಟಾರೆನ್ಸ್ ಎಂಬವನ ಪ್ರಯತ್ನದಿಂದ 1858ರಲ್ಲಿ ಹಕ್ಕಿನ ನೋಂದಣಿ ಜಾರಿಗೆ ಬಂದಿತು. ಹೊಸದಾಗಿ ಅಳೆದು ಹಂಚಿದ ನೆಲದಲ್ಲಿ ಅದು ಸುಗಮವಾಯಿತು. ಇಂಗ್ಲೆಂಡಿನಲ್ಲಿ 1862ರ ಭೂನೋಂದಣಿ ಕಾಯಿದೆಯು ನೋಂದಾಯಿಸುವ ಪ್ರತಿಯೊಂದು ಆಸ್ತಿಯ ಎಲ್ಲೆಯೂ ನಿಖರವಾಗಿ ತೀರ್ಮಾನವಾಗಬೇಕೆಂದು ಬಯಸಿತು. ಅದಕ್ಕಾಗಿ ನೆರೆಯವರಿಗೆಲ್ಲ ತಿಳಿವಳಿಕೆ ಪತ್ರ ಹೋಗಬೇಕಾಯಿತು. ಹಿಂದೆ ಶಾಂತವಾಗಿದ್ದ ಬೇಲಿಗಳ ಎರಡೂ ಕಡೆ ಜಗಳ ಹುಟ್ಟಿತು. ಜನರು ನೋಂದಣಿಯಿಂದಲೇ ದೂರ ಸರಿದರು. ಕೊನೆಗೆ 1875ರ ಕಾಯಿದೆಯು ಆ ಬಿಗಿಯನ್ನು ಸಡಿಲಿಸಿತು. ನಕ್ಷೆಯ ಗೆರೆ ಎಲ್ಲೆಯ ಸ್ಥೂಲ ಸ್ಥಾನವನ್ನು ಮಾತ್ರ ತೋರಿಸುತ್ತದೆಂಬ ನಿಯಮ ಬೇರೂರಿತು. ನೋಂದಣಿಯ ಕಡ್ಡಾಯ ಅಲ್ಲಿ ಇಡೀ ನಾಡಿಗೆ ವ್ಯಾಪಿಸಿದುದು 1990ರ ಡಿಸೆಂಬರ್ 1ರಂದು ಮಾತ್ರ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಎಲ್ಲೆಯ ತಪ್ಪು ಕಾಯಿದೆಯ ಬಲದಿಂದ ಒಂದೇ ದಿನದಲ್ಲಿ ಅಳಿಯುವುದಲ್ಲ. ಮತ್ತು ಎಲ್ಲೆಯನ್ನು ಎತ್ತುವ ರೀತಿಯೇ ಶಾಂತಿಯನ್ನಾಗಲಿ ಜಗಳವನ್ನಾಗಲಿ ತರುತ್ತದೆ. ಭಾರತದಲ್ಲಿ ಇಂದಿಗೂ ನೋಂದಣಿಯೆಂದರೆ ಪತ್ರದ ನೋಂದಣಿ. ಹಕ್ಕಿಗೆ ಸರ್ಕಾರದ ಖಾತರಿಯಲ್ಲ. ನೋಂದಾಯಿತ ಪತ್ರವಿದೆಯೆಂದು ಬೀಗುವವನೂ, ಅದಿಲ್ಲವೆಂದು ಅಳುಕುವವನೂ ಈ ಮಾತನ್ನು ನೆನಪಿಡಬೇಕು.

ಹನ್ನೆರಡು ವರ್ಷ ಮತ್ತು ವ್ರತ

ಇಲ್ಲಿಯವರೆಗಿನದು ಇತಿಹಾಸ. ಶ್ರಾವಕನ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. 1963ರ ಕಾಲಮಿತಿ ಕಾಯಿದೆಯಂತೆ ಒಬ್ಬನ ಭೂಮಿಯನ್ನು ಮತ್ತೊಬ್ಬನು ಬಹಿರಂಗವಾಗಿ, ಎಡೆಬಿಡದೆ, ಒಡೆಯನ ಹಕ್ಕಿಗೆ ವಿರುದ್ಧವಾಗಿ ಹನ್ನೆರಡು ವರ್ಷ ಅನುಭವಿಸಿದರೆ ಒಡೆಯನು ಅದನ್ನು ಮರಳಿ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ಈ ನಿಯಮವನ್ನು ತರ್ಕಹೀನವೆಂದು ಟೀಕಿಸಿ ಮರುಪರಿಶೀಲನೆಗೆ ಸೂಚಿಸಿತು. ಆದರೂ ನಿಯಮ ಉಳಿದಿದೆ. 2019ರ ಮತ್ತೊಂದು ತೀರ್ಪಿನಲ್ಲಿ ಇಂತಹ ಅನುಭವದ ಆಧಾರದ ಮೇಲೆ ದಾವೆ ಹೂಡಲೂ ಬಹುದೆಂದು ಅದೇ ನ್ಯಾಯಾಲಯ ಹೇಳಿತು. ಹಾಗಾದರೆ ಅಳತೆ ಮಾಡಿಸಿದಾಗ ನೆರೆಯವನ ನಾಲ್ಕು ಗುಂಟೆ ತನ್ನ ಬೇಲಿಯೊಳಗಿರುವುದನ್ನು ಕಂಡ ಶ್ರಾವಕನು ಹನ್ನೆರಡು ವರ್ಷ ಕಳೆದಿವೆಯೆಂದು ಸುಮ್ಮನಿರಬಹುದೆ?

ಆಚಾರ್ಯರ ಉತ್ತರ ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರರು ಇಟ್ಟುದನ್ನು, ಬೀಳಿಸಿಕೊಂಡುದನ್ನು, ಮರೆತುದನ್ನು ಕೊಡದೆ ತೆಗೆದುಕೊಳ್ಳದಿರುವುದೇ ಅಚೌರ್ಯಾಣುವ್ರತವೆಂದು ವಿವರಿಸುತ್ತದೆ. ನೆರೆಯವನು ಮರೆತ ನೆಲ ಮರೆತ ವಸ್ತುವೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯದ ಅತಿಚಾರಗಳಲ್ಲಿ ಹೆಚ್ಚುಕಡಿಮೆ ಅಳತೆಯನ್ನೂ, ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಕ್ಷೇತ್ರ ಮತ್ತು ವಾಸ್ತುಗಳ ಮಿತಿಮೀರುವಿಕೆಯನ್ನೂ ಹೇಳುತ್ತದೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯ ಜೊತೆಗೆ ಸ್ಮೃತ್ಯಂತರಾಧಾನವೆಂಬುದೂ ಇದೆ; ತಾನೇ ಇಟ್ಟುಕೊಂಡ ಮೇರೆಯನ್ನು ಮರೆಯುವುದು ಎಂದು ಅದರ ಅರ್ಥ. ಅಲ್ಲಿ ಹೇಳಿರುವುದು ಸಂಚಾರದ ಮೇರೆಯನ್ನು ಕುರಿತಾದರೂ ಅದರ ಮರ್ಮ ಹೊಲದ ಮೇರೆಗೂ ಒಪ್ಪುತ್ತದೆ. ಮರೆವು ಕ್ಷಮ್ಯವಾಗಬಹುದು, ಮರೆವಿನಿಂದ ಲಾಭ ಪಡೆಯುತ್ತ ಮರೆತೇ ಇರುವುದು ಕ್ಷಮ್ಯವಲ್ಲ.

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇನ್ನೂ ಸೂಕ್ಷ್ಮವಾದ ದೋಷವೊಂದನ್ನು ತೋರಿಸಿದ್ದಾರೆ. ಇಂತಿಷ್ಟೇ ಹೊಲ, ಇಂತಿಷ್ಟೇ ಮನೆ ಎಂದು ನಿಯಮ ಹಿಡಿದವನು ಪಕ್ಕದ ಹೊಲವನ್ನೂ ಪಡೆದು, ನಡುವಣ ಬೇಲಿಯನ್ನೋ ಗೋಡೆಯನ್ನೋ ತೆಗೆದು ಎರಡನ್ನೂ ಒಂದಾಗಿಸಿ, ಸಂಖ್ಯೆ ಹೆಚ್ಚಾಗಲಿಲ್ಲವೆಂದು ತನ್ನನ್ನು ತಾನೇ ನಂಬಿಸಿಕೊಳ್ಳುವುದು ಯೋಜನವೆಂಬ ಅತಿಚಾರ. ಲೆಕ್ಕ ಸರಿಯಾಗಿದೆ, ವ್ರತ ಮುರಿದಿದೆ. ವ್ಯಾಪಾರಸ್ಥರಿಗೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಬೇರೆ ಬೇಕಿಲ್ಲ.

ಕಾನೂನು ಮತ್ತು ವ್ರತ ಇಲ್ಲಿ ಪರಸ್ಪರ ವಿರೋಧಿಗಳಲ್ಲ. ಎಷ್ಟು ಕಾಲದ ಬಳಿಕ ನ್ಯಾಯಾಲಯವು ಹಳೆಯ ತಕರಾರನ್ನು ಆಲಿಸದೆಂಬುದನ್ನು ಕಾನೂನು ನಿರ್ಧರಿಸುತ್ತದೆ. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೂ ವಸ್ತು ಯಾರದೆಂಬ ಪ್ರಶ್ನೆಯನ್ನು ವ್ರತವು ಮುಚ್ಚುವುದಿಲ್ಲ.

ಬಸದಿಯ ವಿಶ್ವಸ್ಥರ ಹೊಣೆ ಇದಕ್ಕಿಂತ ಭಿನ್ನವೂ ಕಠಿಣವೂ ಆಗಿದೆ. ಗೃಹಸ್ಥನು ತನ್ನ ನೆಲವನ್ನು ನೆರೆಯವನಿಗೆ ಬಿಟ್ಟುಕೊಡಬಹುದು. ಅದು ಅವನ ತ್ಯಾಗ. ವಿಶ್ವಸ್ಥನು ಬಸದಿಯ ನೆಲವನ್ನು ಸ್ನೇಹಕ್ಕಾಗಿ ಬಿಟ್ಟರೆ ಅದು ತ್ಯಾಗವಲ್ಲ, ಕರ್ತವ್ಯಲೋಪ. ಏಕೆಂದರೆ ಆ ನೆಲ ಅವನದಲ್ಲ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಮು ರದ್ದಿಯಾತಿ ಕಾಯಿದೆ, ಬಳಿಕ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಇವುಗಳಿಂದ ಧಾರ್ಮಿಕ ಸಂಸ್ಥೆಗಳ ಭೂಮಿಯ ದೊಡ್ಡ ಪಾಲು ಉಳುವವರಿಗೆ ಸಂದಿತು. ಉಳಿದುದು ಅಲ್ಪ, ಅದರ ಎಲ್ಲೆಯನ್ನು ಕಾಯುವುದು ಅಗತ್ಯ. ಆದರೆ ಬಸದಿಯ ಹೆಸರಿನಲ್ಲಿ ಬಡ ನೆರೆಯವನ ಗುಂಟೆಯನ್ನು ಹಿಡಿದಿಟ್ಟರೆ ಅದರಿಂದ ಬಂದ ಧಾನ್ಯ ಯಾವ ಪೂಜೆಗೆ ಯೋಗ್ಯವಾದೀತು ಎಂಬುದನ್ನೂ ವಿಶ್ವಸ್ಥರು ಯೋಚಿಸಬೇಕು.

ತಿದ್ದುವ ಕ್ರಮ

ತಿದ್ದುವ ದಾರಿ ಕಠಿಣವಾದರೂ ಅಸ್ಪಷ್ಟವಲ್ಲ. ಮೊದಲಿಗೆ ಕಾಗದಗಳು. ಸನ್ನದು, ಶಾಸನದ ಪಾಠ, ಹಳೆಯ ಕಡತ, ಟಿಪ್ಪಣಿ, ಆಕಾರಬಂದ್, ಪಹಣಿ, ಕಂದಾಯದ ರಸೀದಿ ಇವನ್ನೆಲ್ಲ ಒಂದೆಡೆ ಕೂಡಿಸಿ ತಾಳೆ ನೋಡಬೇಕು. ಮೂವತ್ತು ವರ್ಷ ಹಳೆಯದಾಗಿ, ಯೋಗ್ಯ ವಶದಿಂದ ಬಂದ ಪತ್ರದ ರುಜುವನ್ನು ನ್ಯಾಯಾಲಯವು ನೈಜವೆಂದು ಭಾವಿಸಬಹುದೆಂಬ ನಿಯಮ ಹಳೆಯ ಸಾಕ್ಷ್ಯ ಕಾಯಿದೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಆದ್ದರಿಂದ ಗೆದ್ದಲು ಹಿಡಿದ ಕಾಗದವನ್ನು ಕಸವೆಂದು ಎಸೆಯಬಾರದು.

ಎರಡನೆಯದು ಹದ್ದುಬಸ್ತು. ಭೂಮಾಪನ ಇಲಾಖೆಗೆ ಅರ್ಜಿಯಿತ್ತು, ನೆರೆಯವರಿಗೆ ತಿಳಿವಳಿಕೆ ಹೋಗಿ, ಅವರ ಸಮಕ್ಷಮದಲ್ಲಿ ಅಳತೆ ನಡೆಯಬೇಕು. ಇಲಾಖೆಯ ಪತ್ರ ತಲಪುವ ಮೊದಲು ನೆರೆಯವನ ಮನೆಗೆ ತಾನೇ ಹೋಗಿ ವಿಷಯ ತಿಳಿಸುವುದು ಸಜ್ಜನರ ಲಕ್ಷಣ. ತನಗೆ ಹೆಚ್ಚು ಬಂದರೂ ಕಡಿಮೆ ಬಂದರೂ ಅಳತೆಗೆ ಬದ್ಧನೆಂಬ ಮಾತನ್ನು ಫಲ ತಿಳಿಯುವ ಮೊದಲೇ ಕೊಡಬೇಕು. ತಿಳಿದ ಮೇಲೆ ಕೊಡುವ ಮಾತಿಗೆ ಬೆಲೆ ಕಡಿಮೆ.

ಮೂರನೆಯದು ಬರವಣಿಗೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ತಪ್ಪಿದ್ದರೆ ಉಭಯರೂ ಸೇರಿ ತಿದ್ದುಪಡಿ ಪತ್ರ ಬರೆದು ನೋಂದಾಯಿಸಬೇಕು. ಒಬ್ಬನು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೆಯ ಪ್ರಕರಣದ ಮೇರೆಗೆ ನ್ಯಾಯಾಲಯವನ್ನು ಕೋರಬಹುದು. ಪತ್ರದಲ್ಲಿ ಹೇಳಿದ ವಿಸ್ತಾರಕ್ಕೂ ಚಕ್ಕುಬಂದಿಗೂ ಹೊಂದದಿದ್ದರೆ, ಚಕ್ಕುಬಂದಿ ಖಚಿತವಾಗಿರುವಲ್ಲಿ ಸಾಮಾನ್ಯವಾಗಿ ಅದಕ್ಕೇ ಪ್ರಾಶಸ್ತ್ಯವೆಂಬುದು ನ್ಯಾಯಾಲಯಗಳ ರೂಢಿ. ಪಹಣಿಗೂ ಆಕಾರಬಂದ್‌ಗೂ ವ್ಯತ್ಯಾಸವಿದ್ದರೆ ಕಂದಾಯ ಅಧಿಕಾರಿಗಳ ಮುಂದೆ ತಿದ್ದುಪಡಿ ಆಗಬೇಕು. ಇರುವ ಎಲ್ಲೆಯನ್ನು ಗುರುತಿಸಿ ಒಪ್ಪುವ ಕರಾರು ಬೇರೆ, ಒಬ್ಬರ ನೆಲವನ್ನು ಮತ್ತೊಬ್ಬರಿಗೆ ಕೊಡುವ ಪತ್ರ ಬೇರೆ; ಎರಡನೆಯದಕ್ಕೆ ನೋಂದಣಿ ತಪ್ಪದು. ಬಸದಿಯ ಆಸ್ತಿಯಾದರೆ ಅಳತೆಯ ನಕ್ಷೆ, ಮಂಡಳಿಯ ಠರಾವು, ಕಾನೂನು ಬಲ್ಲವರ ಅಭಿಪ್ರಾಯ ಈ ಮೂರೂ ಕಡತದಲ್ಲಿರಬೇಕು. ಮುಂದಿನ ವಿಶ್ವಸ್ಥರಿಗೆ ಇಂದಿನವರ ಸದುದ್ದೇಶ ಕಾಣುವುದಿಲ್ಲ, ಕಡತ ಮಾತ್ರ ಕಾಣುತ್ತದೆ.

ಕೊನೆಯದು ಕಲ್ಲು. ತೀರ್ಮಾನವಾದ ಎಲ್ಲೆಯ ಮೂಲೆಗಳಲ್ಲಿ ಉಭಯರ ಎದುರಿಗೆ ಕಲ್ಲು ನೆಟ್ಟು, ಅದರ ನಕ್ಷೆಯ ಒಂದೊಂದು ಪ್ರತಿಯನ್ನು ಎರಡು ಮನೆಗಳಲ್ಲಿಯೂ ಇಡಬೇಕು. ಸಾಧ್ಯವಾದರೆ ಎರಡು ಮನೆಗಳ ಮಕ್ಕಳನ್ನೂ ಆ ದಿನ ಅಲ್ಲಿಗೆ ಕರ���ದೊಯ್ಯಬೇಕು. ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆ ನಡೆಯುವ ಕಾಲ ಕಳೆದಿದೆ. ಆದರೆ ನಡೆದು ಕಂಡ ಎಲ್ಲೆಯನ್ನು ಕಣ್ಣು ಮರೆಯುವುದಿಲ್ಲ. ಹಾಗೆ ನಿಂತ ಎಲ್ಲೆಗೆ ವಿಜ್ಞಾನೇಶ್ವರನ ಕಾಲದವರು ಇಟ್ಟ ಹೆಸರು ಭಯವರ್ಜಿತಾ. ನೆರೆಯವನ ಭಯವಿಲ್ಲದೆ, ತನ್ನ ಅಂತಃಕರಣದ ಭಯವೂ ಇಲ್ಲದೆ ಉಣ್ಣುವ ಅನ್ನವೇ ಶ್ರಾವಕನಿಗೆ ನ್ಯಾಯೋಪಾರ್ಜಿತವಾದುದು.